ಎಡಸುತ್ತು

ಬಸ್ಸು ಹತ್ತಿದ ಕ್ಷಣದಿಂದ ಸುದರ್ಶನನಿಗೆ ಲೋಕದ ಮೇಲೆ ಅಸಹ್ಯ ಶುರುವಾಗಿತ್ತು. ಭಾನುವಾರ ಬೆಳಿಗ್ಗೆ ಬೆಟ್ಟಂಪಾಡಿಯಿಂದ ಪುತ್ತೂರಿಗೆ ಇಷ್ಟೊಂದು ಜನ ಯಾಕೆ ಹೋಗಬೇಕು? ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಒಟ್ಟಿನಲ್ಲಿ ಯಾರದೋ ಮನೆಯ ಪಾಯಸ. ರೇಷ್ಮೆ ಸೀರೆಯ ಹೆಂಗಸೊಬ್ಬಳು ತನ್ನ ಚೀಲವನ್ನು ಅವನ ಭುಜಕ್ಕೇ ಒರಗಿಸಿ ನಿಂತಿದ್ದಳು. ಕಂಬಕ್ಕೆ ಚೀಲ ತೂಗಿಸಿದವರು ಕಂಬದ ಮುಖ ನೋಡುವುದಿಲ್ಲ, ಅವಳೂ ನೋಡಲಿಲ್ಲ. ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡ ಈ ಐವತ್ತೊಂದು ವರ್ಷದ ಗಂಡಸು ಸೀಲಿಂಗ್ ಫ್ಯಾನಿಗೆ ತಂತಿ ಸುತ್ತುವ ಪರೀಕ್ಷೆಗೆ ಹೋಗುತ್ತಿದ್ದಾನೆ ಎಂದು ಗೊತ್ತಾದರೆ ಅವಳು ನಗುತ್ತಾಳೆ, ಗೊತ್ತಾಗದಿದ್ದರೆ ಗಮನಿಸುವುದೇ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ಬುತ್ತಿಯಲ್ಲಿ ಶಂಕರಿ ಕಟ್ಟಿಕೊಟ್ಟ ನೀರುದೋಸೆ ಇತ್ತು. ಹೊರಡುವಾಗ ಅಪ್ಪ ಜಗಲಿಯಿಂದ, ‘ಇವತ್ತೇಯಾ ಪರೀಕ್ಷೆ?’ ಎಂದು ಕೇಳಿದ್ದರು. ಅವನು ಹೂಂ ಎಂದೂ ಹೇಳದೆ ಮೆಟ್ಟಿಲಿಳಿದು ಬಂದಿದ್ದ.

ಹೇಳಲು ಏನಿತ್ತು? ಎಂಬತ್ತನಾಲ್ಕರ ಅಪ್ಪನಿಗೆ ಇನ್ನೂ ಎಲ್ಲವನ್ನೂ ತಿಳಿಯುವ ಹಕ್ಕಿತ್ತು. ತೋಟ ಅವರ ಹೆಸರಿನಲ್ಲಿ, ಮನೆ ಅವರ ಹೆಸರಿನಲ್ಲಿ, ಬ್ಯಾಂಕಿನಲ್ಲಿ ಅವರದೇ ರುಜು. ಔಷಧದ ಅಂಗಡಿಯ ಹುಡುಗ ಕೂಡ ಸುದರ್ಶನನನ್ನು ಕರೆಯುವುದು ‘ಸಣ್ಣ ಭಟ್ರು’ ಎಂದು. ಅರ್ಧ ತಲೆ ಬೋಳಾದ ಮೇಲೂ ಸಣ್ಣ ಭಟ್ರು. ಗೆಳೆಯರ ಅಪ್ಪಂದಿರೆಲ್ಲ ಹೊತ್ತಿಗೆ ಸರಿಯಾಗಿ ತೀರಿಕೊಂಡು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದರು. ಅವನ ಅಪ್ಪ ಮಾತ್ರ ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟಕ್ಕೆ ಕಬ್ಬಿಣ ಹಾಕಿಸಿಕೊಂಡು, ಈಗ ನಾಲ್ಕು ಕಾಲಿನ ವಾಕರು ಹಿಡಿದು ಮೊದಲಿಗಿಂತ ಚುರುಕಾಗಿ ಓಡಾಡುತ್ತಿದ್ದರು. ಆಸ್ಪತ್ರೆಯ ಡಾಕ್ಟರು ‘ನಿಮ್ಮ ತಂದೆಯವರ ಹಾರ್ಟು ಇಪ್ಪತ್ತೈದರ ಹುಡುಗನದ್ದು’ ಎಂದು ಬೆನ್ನು ತಟ್ಟಿದಾಗ ಸುದರ್ಶನ ಸಂತೋಷದ ಮುಖ ಮಾಡಿದ್ದ. ಆ ಮುಖ ಮಾಡುವುದಕ್ಕೆ ಅವನಿಗೆ ಎಷ್ಟು ಕಷ್ಟವಾಯಿತು ಎಂಬುದು ಡಾಕ್ಟರಿಗೆ ಗೊತ್ತಾಗಲಿಲ್ಲ. ಶಂಕರಿಗೆ ಗೊತ್ತಾಗಿತ್ತೋ ಏನೋ, ಅವಳು ಬೇರೆ ಕಡೆ ನೋಡಿದ್ದಳು.

ಪರೀಕ್ಷೆ ಪಾಸಾದರೆ ಜಾಲ್ಸೂರಿನಲ್ಲಿ ಒಂದು ಕೋಣೆ ಕಾಯುತ್ತಿತ್ತು. ಶಂಕರಿಯ ತಮ್ಮ ಕಿಶನನ ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿಗೆ ತಾಗಿದ ಕೋಣೆ, ಕಾಸರಗೋಡಿನ ಬಸ್ಸುಗಳು ತಿರುಗುವ ಕಡೆ. ‘ಸರ್ಟಿಫಿಕೇಟ್ ಒಂದು ತನ್ನಿ ಭಾವ, ಬೋರ್ಡಿನಲ್ಲಿ ನಿಮ್ಮ ಹೆಸರೇ ಹಾಕುವ. ಮೋಟಾರು ಸುಟ್ಟವರೆಲ್ಲ ಈಗ ಸುಳ್ಯಕ್ಕೆ ಹೊತ್ತುಕೊಂಡು ಹೋಗುದು’ ಎಂದಿದ್ದ ಕಿಶನ. ಇವನೊಬ್ಬ ಅಡ್ಡಕಸುಬಿ, ಅಕ್ಕನ ಗಂಡನಿಗೆ ದಾನ ಮಾಡುವ ಠೀವಿ ಬೇರೆ. ಆದರೂ ಆ ಬೋರ್ಡು ಸುದರ್ಶನನ ಕಣ್ಣಿಗೆ ಕಟ್ಟಿತ್ತು. ಅದರಲ್ಲಿ ಇಂಥವರ ಮಗ ಎಂದು ಇರುವುದಿಲ್ಲ. ಅಪ್ಪ ಕೊಡದ, ಅಪ್ಪ ಕಿತ್ತುಕೊಳ್ಳಲಾರದ ಒಂದೇ ಒಂದು ವಸ್ತು. ಅದು ಬೇಕಿತ್ತು ಅವನಿಗೆ, ಹಲ್ಲು ಕಚ್ಚಿ ಬೇಕಿತ್ತು.

ತರಬೇತಿ ಕೇಂದ್ರ ಒಂದು ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಬಾಗಿಲಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು ನಗುವ ಗಂಡು ಹೆಣ್ಣುಗಳ ಬ್ಯಾನರು. ಒಳಗೆ ಒಂದೇ ಒಂದು ಹೆಲ್ಮೆಟ್ ಇರಲಿಲ್ಲ, ನಗುವವರೂ ಇರಲಿಲ್ಲ. ವಯಸ್ಕರಿಗೆ ವಾರಾಂತ್ಯದ ಕೌಶಲ ತರಬೇತಿ ಎಂದರೆ ಮೊದಲ ದಿನ ದೀಪ ಬೆಳಗುವುದು, ಕೊನೆಯ ದಿನ ಫೋಟೋ ತೆಗೆಯುವುದು, ನಡುವೆ ಪ್ರಖ್ಯಾತ್ ಎಂಬ ಶಿಕ್ಷಕ ಮೊಬೈಲು ನೋಡಿಕೊಂಡು ಪಾಠ ಓದುವುದು. ಕೂದಲಿಗೆ ಜೆಲ್ ಹಚ್ಚಿದ ಈ ಪ್ರಖ್ಯಾತನಿಗೆ ಬರುತ್ತಿದ್ದದ್ದು ಅಷ್ಟರಲ್ಲೇ ಇತ್ತು. ಪ್ರಶ್ನೆ ಕೇಳಿದರೆ ‘ಅದು ಸಿಲೆಬಸಿನಲ್ಲಿ ಇಲ್ಲ ಅಣ್ಣ’ ಎನ್ನುತ್ತಿದ್ದ. ಹಿಂದಿನ ಬೆಂಚಿನಲ್ಲಿ ಕೂರುವ ತ್ಯಾಂಪಣ್ಣನಿಗೆ ಸಿಲೆಬಸ್ಸೂ ಬೇಡ, ಏನೂ ಬೇಡ. ಕಡಬದ ಕಡೆಯ ಜೀಪಿನ ಮಾಲಿಕ, ಬಾಯಿ ತುಂಬ ಎಲೆಯಡಿಕೆ, ಊರಿನ ಯಾವ ಮನೆಯಲ್ಲಿ ಯಾರು ಸತ್ತರು ಯಾರು ಹೆತ್ತರು ಎಲ್ಲ ಅವನ ನಾಲಗೆಯ ತುದಿಯಲ್ಲಿ. ಅವನು ಈ ತರಬೇತಿಗೆ ಬಂದದ್ದು ಮಾತಾಡಲು ಜನ ಸಿಗುತ್ತಾರೆ ಎಂದೇ ಇರಬೇಕು. ಅವನ ಪಕ್ಕ ಸಾರಮ್ಮ, ರಬ್ಬರು ತೋಟದ ವಿಧವೆ. ಮಿಕ್ಸಿ ರಿಪೇರಿ ಅಂಗಡಿ ಇಡುವ ಹುರುಪಿನಲ್ಲಿದ್ದ ಅವಳು ಪ್ರತಿ ವಾರ ಹಲಸಿನಕಾಯಿ ಚಿಪ್ಸು ಹುರಿದು ತಂದು ಎಲ್ಲರಿಗೂ ಹಂಚುತ್ತಿದ್ದಳು. ಮೊದಲ ಸಲ ಡಬ್ಬಿ ಮುಂದೆ ಬಂದಾಗ ಸುದರ್ಶನ ಬೇಕೆಂದೇ ದೊಡ್ಡ ಮುಷ್ಟಿ ತೆಗೆದುಕೊಂಡಿದ್ದ. ನಾನು ಅಂಥ ಭಟ್ಟ ಅಲ್ಲ, ಮಡಿಮೈಲಿಗೆ ಕಿತ್ತೆಸೆದವನು ಎಂದು ಎಲ್ಲರಿಗೂ ಕಾಣಲಿ ಎಂದು ಸದ್ದು ಮಾಡಿ ಅಗಿದ. ಯಾರೂ ನೋಡಲಿಲ್ಲ. ಅವರಿಗೆ ಅದರಲ್ಲಿ ನೋಡುವಂಥದ್ದೇನೂ ಕಂಡಿರಲಿಲ್ಲ. ಅದಕ್ಕಾಗಿ ಅವನು ಅವರನ್ನು ಇನ್ನಷ್ಟು ಕೀಳಾಗಿ ಕಂಡ.

ಹಾಗೆಂದು ಅವನ ವೈಚಾರಿಕತೆ ಸುಳ್ಳಾಗಿರಲಿಲ್ಲ. ಊಟದ ಪಂಕ್ತಿಯಲ್ಲಿ ಪುರೋಹಿತರನ್ನು ಅವನು ಎಷ್ಟು ಸಲ ಗೋಳುಹೊಯ್ದುಕೊಂಡಿಲ್ಲ! ‘ಪ್ರದಕ್ಷಿಣೆ ಅಂತೀರಿ, ಭೂಮಿಯೇ ಎಡಕ್ಕೆ ತಿರುಗ್ತಾ ಉಂಟಲ್ಲ ಮಾರಾಯ್ರೆ, ಅದಕ್ಕೆ ಪ್ರಾಯಶ್ಚಿತ್ತ ಯಾರು ಮಾಡುದು?’ ಪುರೋಹಿತರು ಪಾಯಸ ಸುರಿಯುತ್ತ ನಕ್ಕುಬಿಡುತ್ತಿದ್ದರು. ಜನಿವಾರ ಮೈಮೇಲಿದ್ದದ್ದು ಅಪ್ಪನ ಬಾಯಿಗೆ ಹೆದರಿ ಮಾತ್ರ. ಹೀಗಿರುವಾಗ, ಫ್ಯಾನಿನ ಪಾಠ ಬಂದ ವಾರ ಅವನ ಕೈ ಮಾಡಿದ್ದು ಅವನಿಗೇ ಅರ್ಥವಾಗಲಿಲ್ಲ. ಫ್ಯಾನಿನ ಹೊಟ್ಟೆಯೊಳಗಿನ ಕಬ್ಬಿಣದ ಚಕ್ರದಲ್ಲಿ ಸುತ್ತಲೂ ಸೀಳುಗಳಿರುತ್ತವೆ. ಅವುಗಳಲ್ಲಿ ತಾಮ್ರದ ತಂತಿಯ ಸುರುಳಿ ಕೂರಿಸಬೇಕು. ಒಂದು ಸುರುಳಿ ಬಲಕ್ಕೆ ಸುತ್ತಿದರೆ ಅದರ ಪಕ್ಕದ್ದು ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ, ತಂತಿ ಎಲ್ಲೂ ತುಂಡಾಗದ ಹಾಗೆ. ಹಾಗಿದ್ದರೇ ಫ್ಯಾನು ತಿರುಗುವುದು, ಇಲ್ಲದಿದ್ದರೆ ಗುಂಯ್ ಎಂದು ಬಿಸಿಯಾಗಿ ಸುಟ್ಟುಹೋಗುವುದು. ಮೊದಲ ಸುರುಳಿಯನ್ನು ಸುದರ್ಶನ ಬಲಕ್ಕೆ ನೀಟಾಗಿ ಸುತ್ತಿದ. ಎರಡನೆಯದಕ್ಕೆ ಬಂದು ಕೈ ಎತ್ತಿದ್ದೇ, ಅದು ತನ್ನಷ್ಟಕ್ಕೆ ಮತ್ತೆ ಬಲಕ್ಕೇ ಹೋಯಿತು. ಬಿಚ್ಚಿದ. ಇನ್ನೊಮ್ಮೆ ಸುತ್ತಿದ. ಮತ್ತೆ ಬಲಕ್ಕೆ. ಪ್ರಖ್ಯಾತ್ ಬಂದು ಬಗ್ಗಿ ನೋಡಿ, ‘ಎಂತ ಅಣ್ಣ, ಎಡ ಬಲ ಗೊತ್ತಾಗುದಿಲ್ವಾ?’ ಎಂದಾಗ ಹಿಂದಿನ ಬೆಂಚು ಕಿಸಕ್ಕೆಂದಿತು.

ಗೊತ್ತಾಗದೆ ಏನು. ಚಿಕ್ಕವನಿದ್ದಾಗ ಅಜ್ಜನ ತಿಥಿಯ ದಿನ ಅಪ್ಪ ಜನಿವಾರವನ್ನು ಬಲಹೆಗಲಿಗೆ ಬದಲಿಸಿಕೊಂಡು, ಬಾಳೆಎಲೆಯ ಸುತ್ತ ಎಡಕ್ಕೆ ನೀರು ಸುತ್ತುತ್ತಿದ್ದರು. ಆ ತಿರುವು ಅವನಿಗೆ ಬಹಳ ಚಂದ ಕಂಡಿತ್ತು. ಪಕ್ಕದಲ್ಲಿ ಕೂತು ತಾನೂ ಚೆಂಬಿನಿಂದ ನೀರು ತೆಗೆದು ನೆಲದ ಮೇಲೆ ಹಾಗೇ ಎಡಕ್ಕೆ ಸುತ್ತಿದ. ಅಪ್ಪ ಮಂತ್ರ ನಿಲ್ಲಿಸಿ ಅವನ ಕೈಗೆ ಪಟ್ಟನೆ ಹೊಡೆದರು. ಕೋಪದಿಂದಲ್ಲ, ಹೆದರಿ. ‘ಅಪ್ಪ ಇರುವ ಮಕ್ಕಳು ಹಾಗೆ ಸುತ್ತಬಾರ್ದು. ನಾನು ಹೋದ ಮೇಲೆ ಸುತ್ತು.’ ಅಷ್ಟು ದೊಡ್ಡ ಮನುಷ್ಯ ತನ್ನ ಪುಟ್ಟ ಕೈಗೆ ಹೆದರಿದ್ದನ್ನು ಕಂಡು ಸುದರ್ಶನನಿಗೆ ಅಳು ಬಂದಿತ್ತು. ಈಗ ಮಾಳಿಗೆಯ ಮೇಲೆ ಕೂತು ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು. ತಾಮ್ರಕ್ಕೆ ಅಪ್ಪ ಇಲ್ಲ, ತಿಥಿ ಇಲ್ಲ. ಆದರೂ ಆ ವಾರಾಂತ್ಯವೆಲ್ಲ ಅವನು ಎಲ್ಲ ಸುರುಳಿಗಳನ್ನೂ ಬಲಕ್ಕೇ ಸುತ್ತಿ, ಆಮೇಲೆ ತಂತಿ ಕತ್ತರಿಸಿ ತಲೆಯನ್ನು ತಲೆಗೆ, ಬಾಲವನ್ನು ಬಾಲಕ್ಕೆ ಬೆಸೆದು ಹೇಗೋ ಫ್ಯಾನು ತಿರುಗಿಸಿದ. ‘ಇಷ್ಟೆಲ್ಲ ಜಾಯಿಂಟು ಹಾಕಿದ್ರೆ ಪರೀಕ್ಷೆಯಲ್ಲಿ ಪಾಸ್ ಮಾಡುದಿಲ್ಲ. ಎಡಸುತ್ತು ಬೇಕೇ ಬೇಕು’ ಎಂದು ಪ್ರಖ್ಯಾತ್ ಹೇಳಿದ. ಅವನು ಹೇಳಿದ ಮಾತುಗಳಲ್ಲಿ ಸರಿಯಾದದ್ದು ಅದೊಂದೇ.

ಪರೀಕ್ಷಕರು ಮಂಗಳೂರಿನಿಂದ ಬಂದಿದ್ದರು. ದೊಡ್ಡ ಹೊಟ್ಟೆಯ ಮನುಷ್ಯ, ಆಗಾಗ ಗಡಿಯಾರ ನೋಡಿಕೊಳ್ಳುವವರು. ಮಧ್ಯಾಹ್ನ ಎಲ್ಲೋ ಮದುವೆ ಊಟ ಇರಬೇಕು. ಎಲ್ಲರಿಗೂ ಒಂದೊಂದು ಖಾಲಿ ಚಕ್ರ, ಒಂದೊಂದು ಉಂಡೆ ತಂತಿ ಕೊಟ್ಟರು. ಸಾರಮ್ಮ ಶಿಲುಬೆಯ ಗುರುತು ಮಾಡಿಕೊಂಡು ಶುರುಮಾಡಿದಳು. ತ್ಯಾಂಪಣ್ಣ ಕಿಟಕಿಯಿಂದ ಉಗಿದು ಬಂದು ಶುರುಮಾಡಿದ. ಸುದರ್ಶನ ಮೊದಲ ಸುರುಳಿ ಮುಗಿಸಿ ಎರಡನೆಯ ಸೀಳಿಗೆ ತಂತಿ ತಂದು ನಿಲ್ಲಿಸಿದ. ಕೈ ನಿಂತಿತು. ಪರೀಕ್ಷಕರು ಹಿಂದೆ ಬಂದು ನಿಂತ ಸೆಂಟಿನ ವಾಸನೆ. ‘ಎಂತ, ಕೈ ಓಡುದಿಲ್ವಾ?’ ಎಂದರು, ಶಾಲೆಯ ಮಕ್ಕಳನ್ನು ಕೇಳುವ ಹಾಗೆ. ಆ ಸ್ವರ ಕೇಳಿ ಸುದರ್ಶನನೊಳಗೆ ಏನೋ ಹೊತ್ತಿಕೊಂಡಿತು. ಜಾಲ್ಸೂರಿನ ಬೋರ್ಡು ಕಣ್ಣೆದುರು ಬಂತು. ಹಲ್ಲು ಕಚ್ಚಿ ಕೈಯನ್ನು ಎಡಕ್ಕೆ ಎಳೆದ. ಹೋಯಿತು. ಏನೂ ಆಗಲಿಲ್ಲ, ತಂತಿ ಸೀಳಿನೊಳಗೆ ತಣ್ಣಗೆ ಕೂತಿತು. ಇನ್ನೊಂದು ಸುತ್ತು, ಮತ್ತೊಂದು. ಸುತ್ತು ಸಲೀಸಾಗುತ್ತ ಹೋದಂತೆ ಅವನೊಳಗೆ ಒಂದು ಮಾತೂ ಸಲೀಸಾಗುತ್ತ ಬಂತು. ಸಾಯಲಿ. ಅವನು ಬೆಚ್ಚಿ ಕೈ ತಡೆದ. ತಡೆದರೆ ಸುರುಳಿ ಸಡಿಲವಾಗುತ್ತದೆ, ಮತ್ತೆ ಸುತ್ತಿದ. ಸಾಯಲಿ, ಸಾಯಲಿ. ಎಷ್ಟೋ ವರ್ಷದಿಂದ ಗಂಟಲಲ್ಲಿ ಕೂತದ್ದು ಬೆರಳಿನಿಂದ ಇಳಿದು ಹೋಗುತ್ತಿತ್ತು. ಇಷ್ಟು ನೀಟಾದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸುಖವಾಗುತ್ತಿತ್ತು.

ಕೊನೆಯ ಎಡಸುರುಳಿ ಮುಗಿಸಿ ಅದಕ್ಕೆ ನೂಲು ಕಟ್ಟುತ್ತಿರುವಾಗ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದ. ಶಂಕರಿ. ತರಗತಿಯ ಹೊತ್ತಿನಲ್ಲಿ ಶಂಕರಿ ಯಾವತ್ತೂ ಫೋನು ಮಾಡಿದವಳಲ್ಲ. ಅವನು ಕುರ್ಚಿ ಹಿಂದೆ ಸರಿಸಿ ಎದ್ದು ನಿಂತ. ಎಲ್ಲರೂ ತಲೆ ಎತ್ತಿದರು. ಎದೆಯಲ್ಲಿ ಒಂದು ದೊಡ್ಡ ಭಾರ ಇಳಿದು ಮೈಯೆಲ್ಲ ಹಗುರವಾಯಿತು, ಅದು ದುಃಖ ಅಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಕೈಯಲ್ಲಿ ಫೋನು ಇನ್ನೂ ನಡುಗುತ್ತಲೇ ಇತ್ತು.

‘ಅಪ್ಪ ಹೋದರು’ ಎಂದ ಸುದರ್ಶನ.

ಹೇಳಿದ ಮೇಲೆ ಹೊರಗಿನ ಮೆಟ್ಟಿಲಿಗೆ ಹೋಗಿ ಫೋನು ಕಿವಿಗಿಟ್ಟ. ‘ಹಲೋ, ಪರೀಕ್ಷೆ ಆಯ್ತಾ?’ ಎಂದಳು ಶಂಕರಿ. ‘ಮಾವ ಬೆಳಿಗ್ಗೆಯಿಂದ ಕೇಳಿದ್ದೇ ಕೇಳಿದ್ದು. ಫೋನು ಮಾಡು, ಮಾಡು ಅಂತ ಒಂದೇ ಹಠ. ನಿಮ್ಮ ಹೆಸರಿನಲ್ಲಿ ದೇವರಿಗೆ ತುಪ್ಪದ ದೀಪ ಇಟ್ಟಿದ್ದಾರೆ. ವಾಕರು ಹಿಡ್ಕೊಂಡು ತಾವೇ ಹೋಗಿ ಇಟ್ರು. ಹೇಳಿ, ಆಯ್ತಾ?’ ಅವನು ‘ಹೂಂ’ ಎಂದ. ‘ಪಾಸಾ?’ ‘ಗೊತ್ತಿಲ್ಲ’ ಎಂದು ಕಟ್ ಮಾಡಿದ. ಮೆಟ್ಟಿಲ ಕೆಳಗೆ ಪಾತ್ರೆ ಅಂಗಡಿಯವನು ಯಾರಿಗೋ ಕುಕ್ಕರಿನ ಮುಚ್ಚಳ ಹಾಕಿ ತೋರಿಸುತ್ತಿದ್ದ. ಹೇಳಿಬಿಡಬೇಕು, ತಪ್ಪು ತಿಳಿದೆ ಎಂದು ಹೇಳಿಬಿಡಬೇಕು ಎಂದುಕೊಂಡು ಸುದರ್ಶನ ಒಳಗೆ ಹೋದ. ಒಳಗೆ ಎಲ್ಲರೂ ಎದ್ದು ನಿಂತಿದ್ದರು. ಪರೀಕ್ಷಕರು ಅವನ ಹಾಳೆಗೆ ರುಜು ಹಾಕಿ ಆಗಿತ್ತು. ‘ಛೆ ಛೆ, ನೀವು ಹೊರಡಿ. ಇದನ್ನು ತಿರುಗಿಸಿ ನೋಡುದೆಲ್ಲ ಬೇಡ, ಕೈಕೆಲಸ ಕಾಣ್ತದಲ್ಲ. ಪಾಸ್ ಮಾಡಿದ್ದೇನೆ’ ಎಂದರು. ಸುದರ್ಶನ ಬಾಯಿ ತೆರೆದ. ಪಾಸ್ ಎಂಬ ಶಬ್ದ ಕಿವಿಯೊಳಗೆ ಕೂತಿತ್ತು. ಸತ್ಯ ಹೇಳಿದರೆ ಆ ಹಾಳೆಯನ್ನು ಇವರು ಏನು ಮಾಡುತ್ತಾರೆ? ಹರಿಯುತ್ತಾರೆ, ನಗುತ್ತಾರೆ, ಪುತ್ತೂರೆಲ್ಲ ನಗುತ್ತದೆ. ತೆರೆದ ಬಾಯಿಯನ್ನು ಮುಚ್ಚಿದ. ಬಸ್ಸು ಹಿಡಿದು ಮನೆಗೆ ಹೋದರಾಯಿತು, ಇವರನ್ನು ಇನ್ನು ಜನ್ಮದಲ್ಲಿ ನೋಡಬೇಕಾಗಿಲ್ಲ ಎಂದು ಲೆಕ್ಕ ಹಾಕಿದ. ಈ ಊರಿನಲ್ಲೇ ಹುಟ್ಟಿ ಬೆಳೆದವನಿಗೆ ಈ ಊರಿನ ಮೊದಲ ಕ್ರಮವೇ ಮರೆತುಹೋಗಿತ್ತು.

‘ನಡೀರಿ ಭಟ್ರೆ, ಜೀಪು ಕೆಳಗೆ ಉಂಟು’ ಎಂದ ತ್ಯಾಂಪಣ್ಣ. ಅರ್ಧ ಸುತ್ತಿದ ಚಕ್ರ ಅವನ ಮೇಜಿನ ಮೇಲೇ ಇತ್ತು.

‘ಬೇಡ, ನಿಮ್ಮ ಪರೀಕ್ಷೆ...’

‘ಪರೀಕ್ಷೆ ಇನ್ನೊಮ್ಮೆ ಬರ್ತದೆ ಮಾರಾಯ್ರೆ. ಸಾವಿನ ಮನೆಗೆ ಬರುದು ಬೇಡ ಅಂತ ಹೇಳ್ಲಿಕ್ಕುಂಟಾ? ನಿಮ್ಮನ್ನು ಒಬ್ಬರನ್ನೇ ಬಸ್ಸಿಗೆ ಹತ್ತಿಸಿ ನಾವು ಇಲ್ಲಿ ತಂತಿ ಸುತ್ತುದಾ?’

ಸಾರಮ್ಮ ಆಗಲೇ ತನ್ನ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಅವಳ ಚಕ್ರದಲ್ಲಿ ಇನ್ನೊಂದೇ ಸುರುಳಿ ಬಾಕಿ ಇತ್ತು, ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಪ್ರಖ್ಯಾತನೂ ಜೆಲ್ ಹಚ್ಚಿದ ತಲೆ ತಗ್ಗಿಸಿಕೊಂಡು ಜೀಪು ಹತ್ತಿದ. ಹೂವಿನ ಅಂಗಡಿಯ ಎದುರು ಸಾರಮ್ಮ ಜೀಪು ನಿಲ್ಲಿಸಲು ಹೇಳಿ, ಇಳಿದು ದೊಡ್ಡದೊಂದು ಸೇವಂತಿಗೆ ಹಾರ ಹಿಡಿದುಕೊಂಡು ಬಂದಳು. ಹೇಳು, ಈಗಲಾದರೂ ಹೇಳು ಎಂದು ಸುದರ್ಶನ ತನಗೇ ಹೇಳಿಕೊಂಡ. ಪೇಟೆ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ದಾಟಿತು. ‘ಪ್ರಾಯ ಎಷ್ಟಾಗಿತ್ತು?’ ಎಂದು ಸಾರಮ್ಮ ಕೇಳಿದಳು. ‘ಎಂಬತ್ತನಾಲ್ಕು’ ಎಂದ. ಅದು ಸುಳ್ಳಲ್ಲ. ‘ಒಳ್ಳೆ ಸಾವು. ನರಳ್ಲಿಲ್ಲ ಅಲ್ವಾ?’ ‘ಇಲ್ಲ.’ ಅದೂ ಸುಳ್ಳಲ್ಲ ಎಂದು ಅವನ ಒಳಗಿನ ವಕೀಲ ಹೇಳಿದ. ಆ ವಕೀಲನ ಮುಖಕ್ಕೆ ಉಗಿಯಬೇಕೆನ್ನಿಸಿತು. ತ್ಯಾಂಪಣ್ಣ ಒಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ, ‘ಜಾಗದಲ್ಲಿ ಮಾವಿನ ಮರ ಉಂಟಲ್ಲ?’ ಎಂದು ಕೇಳಿದ. ಚಿತೆಗೆ ಮನೆಯ ಜಾಗದ್ದೇ ಮಾವು ಬೇಕು, ಅದೂ ಈ ಊರಿನ ಕ್ರಮ. ‘ಉಂಟು’ ಎಂದ ಸುದರ್ಶನ. ತ್ಯಾಂಪಣ್ಣ ಮನೆಯ ಹತ್ತಿರದ ಊರು ರೆಂಜದ ಯಾರಿಗೋ ಫೋನು ಮಾಡಿ ಮರ ಕೊಯ್ಯುವ ಮೆಷಿನು ಹಿಡಿದುಕೊಂಡು ಬರಲು ಹೇಳಿದ. ಮನೆಯ ಗುರುತನ್ನೂ ಹೇಳಿದ, ಅದು ಸರಿಯಾಗಿಯೇ ಇತ್ತು.

ರಸ್ತೆಯ ಬದಿಯ ಮನೆಗಳು ಒಂದೊಂದಾಗಿ ಹಿಂದೆ ಹೋದವು. ಇರ್ದೆ ಊರು ದಾಟಿದ ಮೇಲೆ ಸುದರ್ಶನನಿಗೆ ಒಂದು ಯೋಚನೆ ಬಂತು. ಅದು ಬರುತ್ತಿರುವುದನ್ನು ಅವನು ದೂರದಿಂದಲೇ ಕಂಡಿದ್ದ, ತಡೆಯಲಿಲ್ಲ. ಎಂಬತ್ತನಾಲ್ಕು ವರ್ಷದ ಮುದುಕ, ಜಾರುವ ನೆಲ, ದೇವರ ಕೋಣೆಯ ಎತ್ತರದ ಹೊಸ್ತಿಲು. ಜೀಪು ತಲುಪುವುದರೊಳಗೆ ಅದು ನಿಜವಾಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಹಾರ ದಂಡವಾಗುವುದಿಲ್ಲ, ಮೆಷಿನು ದಂಡವಾಗುವುದಿಲ್ಲ, ಇವರ್ಯಾರಿಗೂ ಮೋಸವಾಗುವುದಿಲ್ಲ. ದೇವರನ್ನು ನಂಬದವನು ಕಣ್ಣು ಮುಚ್ಚಿ ಬೇಡಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಬಂತು. ಅದನ್ನು ಕಂಡು ಸಾರಮ್ಮ ಅವನ ಬೆನ್ನ ಮೇಲೆ ಕೈ ಇಟ್ಟಳು. ಮನೆ ತಲುಪುವವರೆಗೂ ಆ ಕೈ ಅಲ್ಲೇ ಇತ್ತು.

ಅಪ್ಪ ಜಗಲಿಯಲ್ಲಿ ಕೂತು ಪುಟ್ಟ ಕಲ್ಲಿನಲ್ಲಿ ಎಲೆಯಡಿಕೆ ಗುದ್ದುತ್ತಿದ್ದರು. ಜೀಪಿನಿಂದ ಇಷ್ಟು ಜನ ಇಳಿದದ್ದನ್ನು ಕಂಡು ಅವರ ಮುಖ ಅರಳಿತು. ವಾಕರು ಹಿಡಿದು ಎದ್ದು ನಿಂತರು. ‘ಬನ್ನಿ, ಬನ್ನಿ, ಬಿಸಿಲಿಗೆ ನಿಲ್ಲುದು ಬೇಡ. ಶಂಕರೀ, ಕುಡೀಲಿಕ್ಕೆ ಮಾಡು. ನಮ್ಮವನ ಒಟ್ಟಿಗೆ ಕಲಿತವರು ಬಂದಿದ್ದಾರೆ.’

ಪ್ರಖ್ಯಾತ್ ಸುದರ್ಶನನನ್ನು ನೋಡಿದ, ಅಪ್ಪನನ್ನು ನೋಡಿದ, ಮತ್ತೆ ತನ್ನ ಬೂಟು ನೋಡಿಕೊಂಡ. ‘ಇವರು...’ ಎಂದು ಸಾರಮ್ಮ ಪಿಸುಗುಟ್ಟಿದಳು. ‘ತಂದೆ’ ಎಂದ ಸುದರ್ಶನ. ಅವಳು ಹಾರವನ್ನು ಸೆರಗಿನ ಹಿಂದೆ ಮುಚ್ಚಲು ನೋಡಿದಳು, ಅಪ್ಪನ ಕಣ್ಣಿಗೆ ಅದು ಬಿದ್ದಾಗಿತ್ತು. ‘ಓಹೋ, ಹಾರ ಬೇರೆ! ಹಾಗಾದ್ರೆ ಪಾಸಾಯ್ತಾ? ಹಾಕಿ ಹಾಕಿ, ಮುಚ್ಚುದು ಎಂತಕ್ಕೆ? ನಾನೂ ಸ್ವಲ್ಪ ನೋಡ್ತೇನೆ’ ಎಂದು ನಕ್ಕರು. ಸಾರಮ್ಮ ಸುದರ್ಶನನ ಹತ್ತಿರ ಬಂದು, ಮುಖ ನೋಡದೆ, ಹೆಣಕ್ಕೆಂದು ತಂದ ಹಾರವನ್ನು ಅವನ ಕೊರಳಿಗೆ ಹಾಕಿದಳು. ಅಪ್ಪ ವಾಕರು ಬಿಟ್ಟು ಚಪ್ಪಾಳೆ ತಟ್ಟಲು ಹೋಗಿ ವಾಲಿದರು, ತ್ಯಾಂಪಣ್ಣ ಓಡಿ ಹೋಗಿ ಹಿಡಿದುಕೊಂಡ. ಹಿಡಿದವನು ಅವರನ್ನು ಮೆಲ್ಲಗೆ ಕೂರಿಸಿ, ‘ಹೌದಣ್ಣೇರೆ, ಪಾಸಾದ್ರು. ಹೇಳಿ ಹೋಗುವ ಅಂತ ಬಂದದ್ದು’ ಎಂದ.

ಅಷ್ಟರಲ್ಲಿ ಬೈಕಿನ ಮೇಲೆ ಮೆಷಿನು ಕಟ್ಟಿಕೊಂಡು ರೆಂಜದವನು ಬಂದ. ಯಾರನ್ನೂ ಮಾತಾಡಿಸದೆ, ಸಾವಿನ ಮನೆಗೆ ಬರುವ ಹಾಗೆ ತಲೆ ತಗ್ಗಿಸಿ, ನೇರ ಅಂಗಳದ ತೆಂಕುಬದಿಯ ಕಾಟುಮಾವಿನ ಮರದ ಬುಡಕ್ಕೆ ಹೋಗಿ ಹಗ್ಗ ಎಳೆದ. ಮೆಷಿನು ಗರ್ ಎಂದಿತು. ‘ಯಾರದು? ಮರ ಕಡೀಲಿಕ್ಕೆ ಹೇಳಿದ್ದು ಯಾರು?’ ಎಂದು ಅಪ್ಪ ಕೂಗಿದರು. ತ್ಯಾಂಪಣ್ಣ ಕೈ ಬೀಸಿ ಮೆಷಿನು ನಿಲ್ಲಿಸಿದ. ‘ಮರದ ಗೆಲ್ಲು ಮಾಡಿನ ಹಂಚಿನ ಮೇಲೆ ಬಾಗಿದೆ ಅಂತ ಇವರು ಹೇಳಿದ್ರು...’

‘ಗೆಲ್ಲು ಇರ್ಲಿ. ಆ ಮರ ಮುಟ್ಟುದು ಬೇಡ’ ಎಂದರು ಅಪ್ಪ. ಸಿಟ್ಟಿರಲಿಲ್ಲ, ಬೇರೆಯವರಿಗೆ ಮನೆಯ ಗುಟ್ಟು ಹೇಳುವ ಸಲಿಗೆ ಇತ್ತು. ‘ಅದು ನನಗೆ ಅಂತ ಇಟ್ಟದ್ದು. ಇವನಿಗೆ ಆ ಹೊತ್ತಿಗೆ ಕಟ್ಟಿಗೆಗೆ ಓಡಾಟ ಆಗ್ಬಾರ್ದಲ್ಲ. ಒಬ್ಬನೇ ಮಗ, ಯಾರನ್ನೂ ಕೇಳಿ ಅಭ್ಯಾಸ ಇಲ್ಲ ಅವನಿಗೆ.’

ತ್ಯಾಂಪಣ್ಣ ತಿರುಗಿ ಸುದರ್ಶನನನ್ನು ನೋಡಿದ. ಬಾಯಲ್ಲಿ ಎಲೆಯಡಿಕೆ ಇದ್ದೂ ಅವನು ಅಗಿಯುತ್ತಿರಲಿಲ್ಲ. ಆ ಅಸಹ್ಯದ ನೋಟವನ್ನು ಸುದರ್ಶನ ಬೆಳಿಗ್ಗೆಯಿಂದ ರಾತ್ರಿವರೆಗೆ ಇಡೀ ಲೋಕದ ಮೇಲೆ ಇಟ್ಟವನು. ಅದನ್ನು ಇನ್ನೊಬ್ಬರ ಕಣ್ಣಿನಲ್ಲಿ, ತನ್ನ ಮೇಲೆ ಇಟ್ಟದ್ದಾಗಿ ಕಂಡದ್ದು ಇದೇ ಮೊದಲು.

‘ಅಂಥ ಮಗ ಉಂಟಲ್ಲ ನಿಮ್ಗೆ. ಎಂತ ಚಿಂತೆ?’ ಎಂದ ತ್ಯಾಂಪಣ್ಣ.

‘ಹೌದಪ್ಪ’ ಎಂದರು ಅಪ್ಪ, ‘ಅದೊಂದು ಧೈರ್ಯ ಉಂಟು.’

ಶಂಕರಿ ಲೋಟಗಳ ತಟ್ಟೆ ಹಿಡಿದುಕೊಂಡು ಬಂದಳು. ಗಂಡನ ಕೊರಳಿನ ಹಾರ ಕಂಡು ಅವಳಿಗೆ ನಗು ಬಂತು. ‘ತೆಗೀಬೇಡಿ, ಹಾಗೇ ಇರ್ಲಿ, ಒಂದು ಫೋಟೋ ತೆಗೀತೇನೆ’ ಎಂದು ಅವನನ್ನು ಅಪ್ಪನ ಪಕ್ಕದಲ್ಲಿ ನಿಲ್ಲಿಸಿದಳು.